ಕಲ್ಲುಹೂವೂ ಬೇಗೆಯೂ

ಬಂಡೆಗಳ ಮೈಮೇಲೆಯೂ, ಮುದಿಮರಗಳ ತೊಗಟೆಯ ಮೇಲೆಯೂ, ಹಳೆಯ ಗೋಡೆಗಳ ಮೇಲೆಯೂ ಬೂದಿ, ಹಳದಿ, ಕಿತ್ತಳೆ, ನಸುಹಸಿರು ಮೊದಲಾದ ಬಣ್ಣಗಳಲ್ಲಿ ಚಕ್ಕೆಚಕ್ಕೆಯಾಗಿ ಹಬ್ಬಿಕೊಂಡಿರುವ ಜೀವಿಗೆ ಕನ್ನಡದಲ್ಲಿ ಕಲ್ಲುಹೂವು ಎಂದು ಹೆಸರು. ಸಂಸ್ಕೃತದ ಶಿಲಾಪುಷ್ಪ, ಮರಾಠಿಯ ದಗಡಫೂಲ ಎಂಬ ಶಬ್ದಗಳೂ ಇದೇ ಅರ್ಥವುಳ್ಳುವು. ತಮಿಳರು ಮಾತ್ರ ಇದನ್ನು ಕಲ್ಪಾಸಿ, ಎಂದರೆ ಕಲ್ಲಿನ ಪಾಚಿ, ಎಂದು ಕರೆಯುವರು. ಇದರ ಕೆಲವು ಜಾತಿಗಳು ಮಸಾಲೆಯ ದಿನಸಾಗಿ ಅಂಗಡಿಗೆ ಬರುವುದರಿಂದ ಅಡಿಗೆಯ ಮನೆಗೂ ಇದು ಅಪರಿಚಿತವಾದುದಲ್ಲ. ಈ ಹೆಸರುಗಳ ಪೈಕಿ ತಮಿಳಿನದೇ ನಿಜಕ್ಕೆ ಹೆಚ್ಚು ಸಮೀಪವಾದುದೆಂದು ಹೇಳಬೇಕಾಗಿದೆ. ಕಲ್ಲುಹೂವು ಹೂಬಿಡುವ ಸಸ್ಯಗಳ ವರ್ಗಕ್ಕೆ ಸೇರಿದುದೇ ಅಲ್ಲ. ಪಾಚಿಯಾದರೋ ಅದರೊಳಗೆ ಉಂಟು. ಆದರೆ ಪಾಚಿಯೊಂದೇ ಇದ್ದರೆ ಅದು ಕಲ್ಲುಹೂವಾಗದು.

ತೆಳ್ಳನೆಯ ಒಂದು ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಇದರ ರಚನೆ ತಿಳಿಯುವುದು. ಮೇಲೆ ಒತ್ತಾಗಿ ಹೆಣೆದುಕೊಂಡ ಶಿಲೀಂಧ್ರದ ಎಳೆಗಳ ಒಂದು ಹೊದಿಕೆ. ಅದರ ಕೆಳಗೆ ಹಸಿರು ಮಣಿಗಳಂತೆ ಚೆದರಿರುವ ಪಾಚಿಯ ಜೀವಕೋಶಗಳು. ಅದರ ಕೆಳಗೆ ಮತ್ತೆ ಶಿಲೀಂಧ್ರದ ಎಳೆಗಳು, ಈ ಸಲ ಹತ್ತಿಯಂತೆ ಸಡಿಲವಾಗಿ. ಇವೆರಡೂ ಬೇರೆಬೇರೆ ಜೀವಿಗಳೆಂದು ಮೊದಲು ಸಾರಿದವನು ಸ್ವಿಟ್ಸರ್ಲೆಂಡಿನ ಸೈಮನ್ ಶ್ವೆಂಡೆನರ್. ೧೮೬೭ರಲ್ಲಿ ವಿದ್ವತ್ಸಭೆಯೊಂದರಲ್ಲಿ ಸೂಚಿಸಿ, ೧೮೬೯ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ಅವನ ಮತವನ್ನು ಅಂದಿನ ಕಲ್ಲುಹೂವಿನ ಪಂಡಿತರಲ್ಲಿ ಅನೇಕರು ಹಾಸ್ಯಮಾಡಿದರು. ಪ್ಯಾರಿಸಿನಲ್ಲಿದ್ದ ವಿಲಿಯಂ ನೈಲಾಂಡರ್ ಎಂಬ ಮಹಾಪಂಡಿತನು ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಶಿಲೀಂಧ್ರವನ್ನು ಯಜಮಾನನೆಂದೂ ಪಾಚಿಗಳನ್ನು ಗುಲಾಮರೆಂದೂ ಶ್ವೆಂಡೆನರನು ವರ್ಣಿಸಿದುದೂ ವಿರೋಧಕ್ಕೆ ಕೊಂಚ ಕಾರಣವಾಗಿರಬಹುದು. ಹತ್ತು ವರ್ಷಗಳ ಮೇಲೆ, ೧೮೭೯ರಲ್ಲಿ, ಜರ್ಮನಿಯ ಡಿ ಬಾರಿಯು ಬೇರೆಬೇರೆ ಜಾತಿಯ ಜೀವಿಗಳ ಕೂಡುಬಾಳುವೆಗೆ ಒಂದು ಸಾಮಾನ್ಯವಾದ ಹೆಸರನ್ನು ಬಳಕೆಗೆ ತಂದನು. ಕನ್ನಡದಲ್ಲಿ ಅದನ್ನೇ ಸಹಜೀವನವೆಂದು ಹೇಳುವುದು. ೨೦೧೬ರಲ್ಲಿ ಕೆಲವು ಕಲ್ಲುಹೂವುಗಳ ಹೊದಿಕೆಯಲ್ಲಿ ಯೀಸ್ಟಿನ ಬಗೆಯ ಮತ್ತೊಂದು ಶಿಲೀಂಧ್ರವೂ ಅಡಗಿರುವುದು ಕಂಡುಬಂದಮೇಲೆ, ಈ ಮನೆಯ ಜನಗಣತಿ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕಾಗಿದೆ.

ಪ್ರಸ್ತುತ ವಿಚಾರಕ್ಕೆ ಮುಖ್ಯವಾದುದು ಮನೆಯ ಲೆಕ್ಕಾಚಾರ. ಬಿಸಿಲಿನ ಬೆಳಕಿನಿಂದ ಆಹಾರವನ್ನು ಸಂಪಾದಿಸತಕ್ಕುದು ಪಾಚಿಯೊಂದೇ. ಇದು ಟ್ರೆಬೂಕ್ಸಿಯ ಮೊದಲಾದ ಹಸಿರು ಪಾಚಿಯಾಗಿರಬಹುದು, ಇಲ್ಲವೆ ನಾಸ್ಟಾಕ್ ಮೊದಲಾದ ನೀಲಹಸಿರು ಸೂಕ್ಷ್ಮಜೀವಿಯಾಗಿರಬಹುದು. ಆದರೆ ಕಾಯದ ತೂಕದಲ್ಲಿ ಪಾಚಿಯ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕಿಂತಲೂ ಕಡಮೆ, ಮಿಕ್ಕುದೆಲ್ಲ ಶಿಲೀಂಧ್ರ. ದುಡಿಯುವವನು ಒಬ್ಬ, ಪಂಕ್ತಿಯಲ್ಲಿ ಕುಳಿತು ಉಣ್ಣುವವರು ಒಂಬತ್ತು ಮಂದಿ ಎಂಬಂತಹ ಸಂಸಾರವಿದು. ಆಕ್ಸ್‌ಫರ್ಡಿನಲ್ಲಿ ಡೇವಿಡ್ ಸ್ಮಿತ್ ಮತ್ತು ಆತನ ಜೊತೆಗಾರರು ೧೯೬೦ರ ದಶಕದಲ್ಲಿ ವಿಕಿರಣಶೀಲ ಇಂಗಾಲವನ್ನು ಗುರುತಾಗಿ ಬಳಸಿ ಈ ಸಂಸಾರದೊಳಗಿನ ಕೊಡುಕೊಳೆಯನ್ನು ಬೆನ್ನಟ್ಟಿದರು. ಹಸಿರು ಪಾಚಿಯಿಂದ ಶಿಲೀಂಧ್ರಕ್ಕೆ ಹೋಗುವುದು ರೈಬಿಟಾಲ್ ಮುಂತಾದ ಸಕ್ಕರೆಮದ್ಯಗಳೆಂದೂ, ನಾಸ್ಟಾಕ್‌ನಿಂದ ಹೋಗುವುದು ಗ್ಲೂಕೋಸ್ ಎಂದೂ, ಶಿಲೀಂಧ್ರವು ಅವುಗಳನ್ನು ಮ್ಯಾನಿಟಾಲ್ ಮೊದಲಾದುವಾಗಿ ಮಾರ್ಪಡಿಸಿ ಕೂಡಿಟ್ಟುಕೊಳ್ಳುವುದೆಂದೂ ಅವರು ತೋರಿಸಿಕೊಟ್ಟರು. ಸಕ್ಕರೆಮದ್ಯವೆಂದ ಮಾತ್ರಕ್ಕೆ ಅಮಲಿನ ಪದಾರ್ಥವೆಂದು ಭಾವಿಸಬೇಕಾದುದಿಲ್ಲ. ಇದು ರಸಾಯನಶಾಸ್ತ್ರದ ವರ್ಗನಾಮ, ಅಷ್ಟೆ.

ಜೀವಿಗಳ ದೇಹದಲ್ಲಿ ನಡೆಯುವ ಈ ಕೂಡುವ ಕಳೆಯುವ ವ್ಯಾಪಾರವೆಲ್ಲಕ್ಕೂ ಚಯಾಪಚಯವೆಂಬ ಶಬ್ದವು ಬಳಕೆಯಲ್ಲಿದೆ. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಕಳೆಯುವುದು. ಪರಿಭಾಷೆಯ ಶಬ್ದಗಳು ಸಾಧಾರಣವಾಗಿ ವಸ್ತುವನ್ನು ಮರೆಮಾಡುವುದೇ ಹೆಚ್ಚು; ಈ ಶಬ್ದ ಮಾತ್ರ ವಸ್ತುವನ್ನು ಬಿಚ್ಚಿ ತೋರಿಸುತ್ತದೆ. ಬೇಗೆಗೆ ಸಿಕ್ಕಿದ ಕಲ್ಲುಹೂವಿನ ಕಥೆಯೂ ಈ ಎರಡು ಪದಗಳ ನಡುವಣ ಹೆಣಗಾಟವೇ. ಆದರೆ ಅದಕ್ಕೆ ಮೊದಲು ಎರಡೂ ನಿಂತುಹೋಗುವ ಒಂದು ಸ್ಥಿತಿಯನ್ನು ಕುರಿತು ಹೇಳಬೇಕು.

ಕಲ್ಲುಹೂವಿಗೆ ಬೇರಿಲ್ಲ. ಎಲೆಗಳಿಗೆ ಇರುವಂತೆ ತೆರೆದು ಮುಚ್ಚುವ ರಂಧ್ರಗಳಾಗಲಿ, ನೀರನ್ನು ಹಿಡಿದಿಡುವ ಮೇಣದ ಲೇಪವಾಗಲಿ ಇಲ್ಲ. ಗಾಳಿ ತೇವವಾಗಿದ್ದರೆ ಅದೂ ತೇವ. ಗಾಳಿ ಒಣಗಿದರೆ ಅದೂ ಒಣಗಿಹೋಗುವುದು. ಬೇಸಗೆಯ ಮಧ್ಯಾಹ್ನದಲ್ಲಿ ಬಂಡೆಯ ಮೇಲಣ ಕಲ್ಲುಹೂವಿನಲ್ಲಿ ಉಳಿದಿರುವ ನೀರು ಅದರ ಒಣತೂಕದ ನೂರಕ್ಕೆ ಹತ್ತು ಪಾಲಿಗಿಂತಲೂ ಕಡಮೆಯಾಗಿರಬಹುದು. ಮುಟ್ಟಿದರೆ ಹಪ್ಪಳದಂತೆ ಮುರಿಯುವುದು. ಆಗ ಉಸಿರಾಟವೂ ಇಲ್ಲ, ದ್ಯುತಿಸಂಶ್ಲೇಷಣೆಯೂ ಇಲ್ಲ. ಸತ್ತುದಕ್ಕೂ ಅದಕ್ಕೂ ಹೊರನೋಟದಲ್ಲಿ ಭೇದವೇ ಕಾಣದು. ಹೀಗೆ ಒಣಗಿ ಕುಳಿತ ಕಲ್ಲುಹೂವು ಎಷ್ಟು ಬೇಗೆಯನ್ನು ತಾಳಬಲ್ಲುದೆಂಬುದನ್ನು ಕ್ರಮವಾಗಿ ಅಳೆದವನು ಜರ್ಮನಿಯ ಓಟ್ಟೋ ಲುಡ್ವಿಗ್ ಲಾಂಗೆ. ಅವನು ಬೇರೆಬೇರೆ ಜಾತಿಗಳನ್ನು ಒಣಗಿದ ಸ್ಥಿತಿಯಲ್ಲಿ ಅರ್ಧ ಗಂಟೆಯ ಹೊತ್ತು ಕಾಯಿಸಿ, ಆಮೇಲೆ ನೀರನ್ನುಣಿಸಿ, ಉಸಿರಾಟವು ಎಷ್ಟರ ಮಟ್ಟಿಗೆ ಮರಳಿತೆಂದು ನೋಡಿದನು. ೧೯೫೩ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳು ಆಶ್ಚರ್ಯಕರವಾದುವು. ಮರಗಳಿಂದ ಜೋಲುವ ಸೂಕ್ಷ್ಮವಾದ ಜಾತಿಗಳು ಸುಮಾರು ೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ತಾಳಿದುವು. ಬಿಸಿಲಿಗೆ ಒಡ್ಡಿಕೊಂಡ ನೆಲದ ಮೇಲೆ ಬೆಳೆಯುವ ಕೆಲವು ಜಾತಿಗಳು ನೀರು ಕುದಿಯುವ ಉಷ್ಣತೆಯ ಸಮೀಪದವರೆಗೂ ತಾಳಿದುವು. ಅದೇ ಜಾತಿಗಳನ್ನು ನೆನೆಸಿ ಕಾಯಿಸಿದಾಗ ಸುಮಾರು ೩೫ ರಿಂದ ೪೫ ಡಿಗ್ರಿಗಳೊಳಗೆ ಸತ್ತುವು.

ಒಣಗಿದಾಗ ವಜ್ರ, ನೆನೆದಾಗ ಬೆಣ್ಣೆ ಎನ್ನುವಂತಹ ಈ ವ್ಯತ್ಯಾಸಕ್ಕೆ ನೀರೇ ಕಾರಣ. ಪ್ರೋಟೀನುಗಳು ತಮ್ಮ ಮಡಿಕೆಯನ್ನು ಬಿಚ್ಚಿಕೊಂಡು ಕೆಡಬೇಕಾದರೆ ಅವುಗಳ ಅಂಗಗಳು ಅಲುಗಾಡಬೇಕು. ಅಲುಗಾಡುವುದಕ್ಕೆ ನೀರು ಬೇಕು. ಕಾಯವು ಒಣಗುತ್ತ ಬಂದಂತೆ ಜೀವಕೋಶದೊಳಗಿನ ಸಕ್ಕರೆಗಳೂ ಸಕ್ಕರೆಮದ್ಯಗಳೂ ಪ್ರೋಟೀನುಗಳೂ ಒತ್ತೊತ್ತಾಗಿ ಸೇರಿ, ಕೊನೆಗೆ ಗಾಜಿನಂತಹ ಘನಸ್ಥಿತಿಗೆ ಬರುವುವು. ಕಲ್ಲುಸಕ್ಕರೆಗೂ, ಬಟ್ಟಲಿಗೆ ಸುರಿದು ಆರಿಸಿದ ಗಟ್ಟಿಪಾಕಕ್ಕೂ ಇರುವ ಭೇದವನ್ನು ನೆನೆದರೆ ಇದು ಸ್ಪಷ್ಟವಾದೀತು. ಮೊದಲನೆಯದರಲ್ಲಿ ಹರಳುಗಳು ಏರ್ಪಟ್ಟಿವೆ. ಎರಡನೆಯದರಲ್ಲಿ ಹರಳೇ ಇಲ್ಲದೆ ದ್ರವವು ಇದ್ದಂತೆಯೇ ಬಿಗಿದುಹೋಗಿದೆ. ಜೀವಕೋಶದಲ್ಲಿ ಹರಳುಗಳೆದ್ದರೆ ಪೊರೆಗಳು ಹರಿದುಹೋಗುವುವು. ಗಾಜಿನ ಸ್ಥಿತಿಯಲ್ಲಾದರೋ ಪ್ರತಿಯೊಂದು ಪದಾರ್ಥವೂ ಇದ್ದ ಎಡೆಯಲ್ಲಿಯೇ ಹಿಡಿದಿಟ್ಟಂತೆ ನಿಲ್ಲುವುದು. ಅಲ್ಲದೆ ಸಕ್ಕರೆಮದ್ಯಗಳು ನೀರು ಬಿಟ್ಟುಹೋದ ಜಾಗದಲ್ಲಿ ತಾವು ನಿಂತು ಪೊರೆಗಳನ್ನೂ ಪ್ರೋಟೀನುಗಳನ್ನೂ ಆತುಕೊಳ್ಳುವುವು. ಪಾಚಿಯು ದುಡಿದು ಕೊಟ್ಟ ಗಂಟು ಹೀಗೆ ಆಹಾರವೂ ಆಗುವುದು, ಕವಚವೂ ಆಗುವುದು.

ನಿಸರ್ಗದಲ್ಲಿ ಬಿಸಿಲೂ ಒಣಗುವಿಕೆಯೂ ಸಾಮಾನ್ಯವಾಗಿ ಜೊತೆಯಾಗಿಯೇ ಬರುವುವು. ಕಾಯವು ೪೦ ಡಿಗ್ರಿಗೆ ಏರುವ ಹೊತ್ತಿಗೆ ಅದರ ನೀರು ಆರಿಹೋಗಿರುವುದು. ಬಂಡೆಯ ಮೇಲಣ ಉಷ್ಣತೆಯು ೬೦ ಡಿಗ್ರಿಯನ್ನು ಮೀರಿದರೂ ಕಲ್ಲುಹೂವು ಆ ಬೇಗೆಯನ್ನು ಅನುಭವಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಇದನ್ನು ಕಂಡು ಬಹುಕಾಲ ವಿದ್ವಾಂಸರು ಬೇಗೆಯು ಕಲ್ಲುಹೂವಿಗೆ ಒಂದು ಲೆಕ್ಕವೇ ಅಲ್ಲವೆಂದು ಭಾವಿಸಿದ್ದರು. ಈ ಭಾವನೆಗೆ ಮೊದಲ ಪೆಟ್ಟು ಕೊಟ್ಟವರು ಕೆನಡಾ ದೇಶದ ಮ್ಯಾಕ್‌ಫರ್ಲೇನ್ ಮತ್ತು ಕರ್ಶಾ ಎಂಬುವರು. ಅರ್ಧ ಗಂಟೆಯ ಪರೀಕ್ಷೆಯಿಂದ ಬೇಸಗೆಯ ವಿಷಯವನ್ನು ತಿಳಿಯಲಾಗದೆಂಬುದು ಅವರ ಆಕ್ಷೇಪಣೆ. ಬೇಸಗೆಯು ವಾರಗಟ್ಟಲೆ ಇರತಕ್ಕುದು. ೧೯೭೮ರಲ್ಲಿ ಅವರು ಪೆಲ್ಟಿಜೆರ ಮುಂತಾದ ಜಾತಿಗಳನ್ನು ಒಣಗಿದ ಸ್ಥಿತಿಯಲ್ಲಿಯೇ, ಆದರೆ ನೆಲದ ಮೇಲೆ ನಿಜವಾಗಿ ಒದಗುವಂತಹ ಸಾಧಾರಣ ಉಷ್ಣತೆಯಲ್ಲಿ, ಹಲವು ದಿನಗಳವರೆಗೆ ಇಟ್ಟು ನೋಡಿದರು. ಕಾಡಿನ ನೆರಳಿನಲ್ಲಿ ಬೆಳೆದವುಗಳ ದ್ಯುತಿಸಂಶ್ಲೇಷಣೆ ಕುಂದಿತು, ಬಯಲಿನವು ತಾಳಿಕೊಂಡುವು. ಲಾಂಗೆಯ ಅಳತೆಗಳು ಇದರಿಂದ ಸುಳ್ಳಾಗಲಿಲ್ಲ. ಆದರೆ ತಾಳಿಕೆಯೆಂಬುದನ್ನು ಡಿಗ್ರಿಗಳಿಂದ ಮಾತ್ರವೇ ಅಳೆಯಲಾಗದು, ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಜೀವಿಯು ಹುಟ್ಟಿ ಬೆಳೆದ ತಾವನ್ನೂ ಹಿಡಿಯಬೇಕು ಎಂಬುದು ಸ್ಥಿರಪಟ್ಟಿತು. ಈ ಶಾಸ್ತ್ರದಲ್ಲಿ ಬಂದ ವಾದಗಳಲ್ಲಿ ಇದು ಅತ್ಯಂತ ಫಲಕಾರಿಯಾದುವುಗಳಲ್ಲೊಂದು.

ಇನ್ನು ಒಣಗಿದ ಕಾಯಕ್ಕೆ ನೀರು ಬಿದ್ದಾಗ ಆಗುವುದೇನು? ಕೆಲವೇ ನಿಮಿಷಗಳಲ್ಲಿ ಅದು ಮೆತ್ತಗಾಗಿ, ಹಸಿರೇರಿ, ಉಸಿರಾಡತೊಡಗುವುದು. ಈ ಮೊದಲ ಉಸಿರಾಟವು ಮಿತಮೀರಿದುದು. ಒಣಗಿದಾಗ ಸೊರಗಿದ ಪೊರೆಗಳು ಸರಿಯಾಗಿ ಕೂಡಿಕೊಳ್ಳುವುದಕ್ಕೆ ಮೊದಲೇ ನೀರು ನುಗ್ಗುವುದರಿಂದ ಸಕ್ಕರೆಮದ್ಯಗಳಲ್ಲಿ ಒಂದು ಪಾಲು ಹೊರಕ್ಕೆ ಸೋರಿಹೋಗುವುದು. ರಿಪೇರಿಯ ಕೆಲಸಕ್ಕೆಂದು ಮತ್ತೊಂದು ಪಾಲು ಉಸಿರಾಟದಲ್ಲಿ ಉರಿದುಹೋಗುವುದು. ಈ ಪುನರಾರ್ದ್ರತೆಯ ಉಸಿರಾಟವು ತೇವದ ಕಾಡಿನ ಜಾತಿಗಳಲ್ಲಿ ಗಂಟೆಗಟ್ಟಲೆ ನಡೆದರೆ, ಬಯಲಿನ ಜಾತಿಗಳಲ್ಲಿ ಬೇಗ ಇಳಿಯುವುದೆಂದು ೧೯೭೦ರ ದಶಕದ ಪ್ರಯೋಗಗಳು ತೋರಿಸಿದುವು. ಬ್ರಿಟನ್ನಿನ ಜಾನ್ ಫ್ಯಾರರ್ ಎಂಬುವನು ೧೯೭೬ರಲ್ಲಿ ಒಂದು ಸೊಗಸಾದ ಸಿದ್ಧಾಂತವನ್ನು ಮುಂದಿಟ್ಟನು. ಶಿಲೀಂಧ್ರವು ಕೂಡಿಟ್ಟುಕೊಂಡ ಸಕ್ಕರೆಮದ್ಯದ ದಾಸ್ತಾನು ಇಂತಹ ನಷ್ಟಗಳಿಗೆಂದೇ ಮೀಸಲಾದುದು. ನಷ್ಟವೆಲ್ಲ ಅದರ ಮೇಲೆ ಬೀಳುವುದರಿಂದ ಪ್ರೋಟೀನು ಮೊದಲಾದ ಬೆಲೆಬಾಳುವ ಪದಾರ್ಥಗಳು ಉಳಿದುಕೊಳ್ಳುವುವು ಎಂಬುದು ಅದರ ಸಾರ. ಹಾಗಾದರೆ ಮತ್ತೆ ಮತ್ತೆ ನೆನೆದು ಬೇಗ ಬೇಗ ಒಣಗುವುದು ಕಲ್ಲುಹೂವಿಗೆ ಬಹಳ ದುಬಾರಿಯಾದ ವ್ಯವಹಾರವೆಂದಾಯಿತು. ಪ್ರತಿಯೊಂದು ಸಲವೂ ರಿಪೇರಿಯ ತೆರಿಗೆಯನ್ನು ಸಲ್ಲಿಸಿ, ಆಮೇಲೆ ಸಂಪಾದನೆಗೆ ಸಮಯವಿಲ್ಲದೆ ಬಾಗಿಲು ಹಾಕಿಕೊಳ್ಳಬೇಕಾಗುವುದು. ಬೇಸಗೆಯಲ್ಲಿ ಬಿದ್ದು ಹೋಗುವ ಒಂದು ಹನಿಮಳೆಯು ಈ ದೃಷ್ಟಿಯಿಂದ ವರವಲ್ಲ.

ನೆನೆದಿರುವಾಗ ಬೇಗೆಯು ತಾಕಿದರೆ ಮೊದಲು ಕೆಡತಕ್ಕುದು ಸಂಪಾದನೆಯ ಯಂತ್ರ. ಪಾಚಿಯ ಹರಿತ್ಕಣಗಳಲ್ಲಿ ನೀರನ್ನೊಡೆದು ಆಮ್ಲಜನಕವನ್ನು ಬಿಡಿಸುವ ಒಂದು ಸ್ಥಾನವುಂಟು. ಮ್ಯಾಂಗನೀಸ್ ಲೋಹದ ನಾಲ್ಕು ಪರಮಾಣುಗಳು ಅಲ್ಲಿ ಕೂಡಿಕೊಂಡಿರುವುವು. ಬೇಗೆಯಲ್ಲಿ ಈ ಕೂಟವೇ ಮೊದಲು ಸಡಿಲವಾಗುವುದೆಂಬುದು ಹಸಿರು ಗಿಡಗಳ ವಿಷಯದಲ್ಲಿ ಚೆನ್ನಾಗಿ ತಿಳಿದ ಸಂಗತಿ. ಮರದ ತೊಗಟೆಯ ಮೇಲೆ ಬೆಳೆಯುವ ಪಾರ್ಮೆಲಿನ ಟಿಲಿಯೇಸಿಯ ಎಂಬ ಕಲ್ಲುಹೂವನ್ನು ಒಣಗಿಸಿಯೂ ನೆನೆಸಿಯೂ ಕಾಯಿಸಿ, ಅದರ ಪತ್ರಹರಿತ್ತು ಹೊರಸೂಸುವ ಮಂದವಾದ ಕೆಂಬೆಳಕನ್ನು ಅಳೆದು ನಡೆಸಿದ ೨೦೧೨ರ ಒಂದು ಸಂಶೋಧನೆಯು, ಗಿಡಗಳಲ್ಲಿ ಕಾಣುವ ಗಾಯದ ಗುರುತುಗಳನ್ನು ಇಲ್ಲಿಯ ಪಾಚಿಯಲ್ಲಿಯೂ ಹೋಲಿಸಿ ನೋಡಿತು. ನೆನೆದ ಕಾಯವು ಒಣಗಿದುದಕ್ಕಿಂತ ಬಹಳ ಬೇಗ ಗಾಯಗೊಳ್ಳುವುದು ಅದರಲ್ಲಿಯೂ ಕಂಡುಬಂದಿತು. ಇದಲ್ಲದೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಇಂಗಾಲಾಮ್ಲವಾಯು ಆಮ್ಲಜನಕಕ್ಕಿಂತ ಬೇಗನೆ ಕಡಮೆಯಾಗುವುದು. ಆಹಾರವನ್ನು ಕಟ್ಟುವ ಕಿಣ್ವವು ಇಂಗಾಲಾಮ್ಲದ ಬದಲು ಆಮ್ಲಜನಕವನ್ನೇ ಹೆಚ್ಚಾಗಿ ಹಿಡಿದುಕೊಂಡು ದಂಡದ ಕೆಲಸ ಮಾಡತೊಡಗುವುದು.

ಪೊರೆಗಳ ವಿಷಯವೂ ಇಂತಹುದೇ. ಪೊರೆಗಳು ಬಹುಮಟ್ಟಿಗೆ ಜಿಡ್ಡಿನಿಂದಾದುವು. ತುಪ್ಪವು ಹೆರೆತುಕೊಳ್ಳುವ ಚಳಿಯಲ್ಲಿಯೂ ಎಣ್ಣೆಯು ಹರಿಯುತ್ತಿರುವುದನ್ನು ಎಲ್ಲರೂ ಬಲ್ಲರು. ಬೇಗೆಯಲ್ಲಿ ಪೊರೆಯು ಅತಿಯಾಗಿ ತೆಳುವಾಗಿ ಸೋರತೊಡಗಿದರೆ, ಜೀವಕೋಶವು ಅದರಲ್ಲಿ ಎಣ್ಣೆಯ ಬಗೆಯ ಜಿಡ್ಡನ್ನು ಕಡಮೆಮಾಡಿ ತುಪ್ಪದ ಬಗೆಯದನ್ನು ಹೆಚ್ಚಿಸಿಕೊಳ್ಳುವುದು. ಇದಕ್ಕೆ ಹೊತ್ತು ಹಿಡಿಯುವುದರಿಂದ ಮೆಲ್ಲನೆ ಏರುವ ಬೇಗೆಗೆ ಇದು ಮದ್ದಾಗಬಲ್ಲುದೇ ಹೊರತು ಹಠಾತ್ತಾಗಿ ಬರುವುದಕ್ಕೆ ಆಗಲಾರದು.

ಹಠಾತ್ತಾದ ಬೇಗೆಗೆ ಜೀವಲೋಕವೆಲ್ಲಕ್ಕೂ ಸಾಮಾನ್ಯವಾದ ಒಂದು ಉಪಾಯವುಂಟು. ೧೯೬೨ರಲ್ಲಿ ಇಟಲಿಯ ಫೆರುಚ್ಚೊ ರಿಟೋಸ್ಸ ಎಂಬುವನು ಬಿಸಿ ತಾಕಿದ ಹಣ್ಣುನೊಣದ ವರ್ಣತಂತುಗಳಲ್ಲಿ ಕೆಲವು ಎಡೆಗಳು ಉಬ್ಬಿಕೊಳ್ಳುವುದನ್ನು ಕಂಡನು. ಆ ಎಡೆಗಳಿಂದ ಹುಟ್ಟುವ ಪ್ರೋಟೀನುಗಳಿಗೆ ಮುಂದೆ ಉಷ್ಣಾಘಾತ ಪ್ರೋಟೀನುಗಳೆಂದು ಹೆಸರಾಯಿತು. ಮಡಿಕೆ ಬಿಚ್ಚಿಕೊಂಡ ಬೇರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗದಂತೆ ತಡೆದು, ಸಾಧ್ಯವಿದ್ದರೆ ಮತ್ತೆ ಮಡಿಸಿ ನಿಲ್ಲಿಸುವುದು ಇವುಗಳ ಕೆಲಸ. ಕಲ್ಲುಹೂವಿನಲ್ಲಿ ಇದರ ಪರೀಕ್ಷೆಗೆ ಒಂದು ವಿಶೇಷವಾದ ತೊಡಕು ಬರುವುದು. ಬೇಗೆ ಒಂದೇ, ಆದರೆ ಅದನ್ನು ಅನುಭವಿಸುವವರು ಇಬ್ಬರು, ಇಬ್ಬರಿಗೂ ಬೇರೆಬೇರೆ ಆನುವಂಶಿಕ ಲಿಪಿ. ಪುಡಿಮಾಡಿ ತೆಗೆದ ರಸದಲ್ಲಿ ಯಾವ ಅಕ್ಷರ ಯಾರದೆಂದು ಬಿಡಿಸಿ ಓದಬೇಕು. ಎರಡು ಕೈಗಳ ಬರಹ ಒಂದೇ ಓಲೆಯಲ್ಲಿ ಬೆರೆತುಹೋದಾಗ ಗ್ರಂಥಸಂಪಾದಕರಿಗೆ ಒದಗುವ ಕಷ್ಟವೇ ಇದು. ೨೦೧೬ರಲ್ಲಿ ಪೆಲ್ಟಿಜೆರ ಮೆಂಬ್ರನೇಸಿಯ ಎಂಬ ಜಾತಿಯಲ್ಲಿ ಶಿಲೀಂಧ್ರದ ಜೀನುಗಳನ್ನೂ ಅದರ ಜೊತೆಗಾರನಾದ ನಾಸ್ಟಾಕ್‌ನ ಜೀನುಗಳನ್ನೂ ಬೇರೆಬೇರೆಯಾಗಿ ಅಳೆಯಲಾಯಿತು. ೨೦೨೨ರಲ್ಲಿ ಲೊಬೇರಿಯ ಪಲ್ಮೊನೇರಿಯ ಎಂಬ, ಯೂರೋಪಿನ ಹಳೆಗಾಡುಗಳ ದೊಡ್ಡ ಕಲ್ಲುಹೂವನ್ನು ೪, ೧೫, ೨೫ ಡಿಗ್ರಿಗಳಲ್ಲಿಟ್ಟು, ಅದರ ಜೀನುಗಳ ಚಟುವಟಿಕೆ ಹೇಗೆ ಬದಲಾಗುವುದೆಂದು ವಿಸ್ತಾರವಾಗಿ ಓದಲಾಯಿತು. ಇಪ್ಪತ್ತೈದು ಡಿಗ್ರಿಯೆಂದರೆ ಮೈಸೂರಿನವರಿಗೆ ಹಿತವಾದ ಹವೆ. ತಂಪುನಾಡಿನ ಈ ಜೀವಿಗಾದರೋ, ನೆನೆದಿರುವಾಗ, ಅದೇ ಬೇಗೆಯ ಪರೀಕ್ಷೆಗೆ ತಕ್ಕ ಉಷ್ಣತೆ.

ಬೇಗೆಗೆ ಸಿಕ್ಕಿದ ಜೀವಕೋಶದಲ್ಲಿ ಆಮ್ಲಜನಕದ ಉಗ್ರವಾದ ರೂಪಗಳು ಹುಟ್ಟಿ ಕಂಡದ್ದನ್ನೆಲ್ಲ ಸುಡುವುದುಂಟು. ಇವುಗಳನ್ನು ತಣಿಸುವ ಗ್ಲುಟಥಯೋನ್ ಮೊದಲಾದ ಪದಾರ್ಥಗಳು ಇಬ್ಬರು ಜೊತೆಗಾರರಲ್ಲಿಯೂ ಇವೆ. ಇಲ್ಸೆ ಕ್ರಾನರ್ ಮತ್ತು ಆಕೆಯ ಸಂಗಡಿಗರು ೨೦೦೫ರಲ್ಲಿ ಒಂದು ಕ್ಲಾಡೋನಿಯವನ್ನೂ, ಅದರಿಂದ ಬೇರ್ಪಡಿಸಿ ಸಾಕಿದ ಪಾಚಿ ಶಿಲೀಂಧ್ರಗಳನ್ನೂ ಒಣಗಿಸಿ ಹೋಲಿಸಿದರು. ಒಂಟಿಯಾಗಿದ್ದಾಗ ಇಬ್ಬರೂ ಹೆಚ್ಚಾಗಿ ನೊಂದರು. ಕೂಡಿದ್ದಾಗ ಒಬ್ಬರ ರಕ್ಷಣೆ ಇನ್ನೊಬ್ಬರಿಂದ ಬಲಗೊಂಡಿತು. ಈ ಪ್ರಯೋಗವು ಬೇಗೆಯನ್ನು ಕುರಿತುದಲ್ಲ, ಒಣಗುವಿಕೆಯನ್ನು ಕುರಿತುದು. ಆದರೂ ಯಜಮಾನ ಗುಲಾಮರೆಂಬ ಶ್ವೆಂಡೆನರನ ಉಪಮಾನವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಒಂದು ಮೇರೆಯನ್ನು ಹಾಕಿದಂತಾಯಿತು.

ಈವರೆಗೆ ಹೇಳಿದುದೆಲ್ಲ ಗಾಯವಾಗುವ ಬೇಗೆಯ ಮಾತು. ಗಾಯವೇ ಆಗದಂತಹ ಸಾಧಾರಣ ಸೆಕೆಯಲ್ಲಿಯೂ ಕಲ್ಲುಹೂವು ಸಾಯಬಹುದೆಂಬುದು ಇನ್ನೂ ಗಂಭೀರವಾದ ಸಂಗತಿ. ಅದು ಹೇಗೆಂದರೆ: ಉಷ್ಣತೆಯು ಹತ್ತು ಡಿಗ್ರಿ ಏರಿದಾಗಲೆಲ್ಲ ಉಸಿರಾಟದ ವೆಚ್ಚವು ಸುಮಾರು ಎರಡರಷ್ಟಾಗುವುದು. ೫ ಡಿಗ್ರಿಯಲ್ಲಿ ಒಂದು ರೂಪಾಯಿ ಖರ್ಚಾಗುತ್ತಿದ್ದರೆ ೧೫ರಲ್ಲಿ ಎರಡು, ೨೫ರಲ್ಲಿ ನಾಲ್ಕು. ಸಂಪಾದನೆಯು ಈ ಪ್ರಮಾಣದಲ್ಲಿ ಏರುವುದಿಲ್ಲ. ಒಂದು ಮಟ್ಟಕ್ಕೆ ಬಂದು ನಿಂತು, ಆಮೇಲೆ ಇಳಿಯುವುದು. ರಾತ್ರಿಯಲ್ಲಂತೂ ಸಂಪಾದನೆಯೇ ಇಲ್ಲ. ರಾತ್ರಿಯು ತಂಪಾಗಿದ್ದರೆ ವೆಚ್ಚ ಅಲ್ಪ. ಒಣಗಿದ್ದರೆ ವೆಚ್ಚವೇ ಇಲ್ಲ. ತೇವವೂ ಸೆಕೆಯೂ ಕೂಡಿದ ರಾತ್ರಿಯಲ್ಲಿ ಒಂಬತ್ತು ಮಂದಿಯ ಊಟವು ರಾತ್ರಿಯೆಲ್ಲ ನಡೆಯುವುದು.

ಈ ಲೆಕ್ಕವು ಅಂಕೆಗಳ ಆಟವಲ್ಲವೆಂಬುದಕ್ಕೆ ಎರಡು ನಾಡುಗಳ ಸಾಕ್ಷ್ಯವಿದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ರಾಮಲೀನ ಮಾಸಿಫಾರ್ಮಿಸ್ ಎಂಬ ಕಲ್ಲುಹೂವು ಬಂಡೆಗಳ ಮೇಲೆ ಧಾರಾಳವಾಗಿ ಬೆಳೆಯುವುದು. ಲಾಂಗೆಯೂ ಅವನ ಜೊತೆಗಾರರೂ ೧೯೬೦ರ ದಶಕದ ಕೊನೆಯಲ್ಲಿ ಅವ್‌ದಾತ್ ಎಂಬಲ್ಲಿ ಅದರ ದಿನಚರಿಯನ್ನು ಅಳೆದರು. ರಾತ್ರಿಯ ತಂಪಿನಲ್ಲಿ ಇಬ್ಬನಿಯು ಕಾಯವನ್ನು ನೆನೆಸುವುದು. ಹೊತ್ತು ಮೂಡಿದೊಡನೆ ದ್ಯುತಿಸಂಶ್ಲೇಷಣೆ ಮೊದಲಾಗುವುದು. ಸುಮಾರು ಮೂರು ಗಂಟೆಗಳಲ್ಲಿ ಬಿಸಿಲೇರಿ ಕಾಯವು ಒಣಗಿ ಎಲ್ಲವೂ ನಿಲ್ಲುವುದು. ರಾತ್ರಿಯ ವೆಚ್ಚವನ್ನು ಕಳೆದೂ ಆ ಮೂರು ಗಂಟೆಗಳಲ್ಲಿ ಕೊಂಚ ಲಾಭ ಉಳಿಯುವುದು. ಅಗ್ನಿಕುಂಡದಂತಹ ಮರುಭೂಮಿಯಲ್ಲಿ ಅದು ಬದುಕುವುದು ಹೀಗೆ: ಬೆಂಕಿಯ ಹೊತ್ತಿನಲ್ಲಿ ಇಲ್ಲವಾಗಿ, ತಂಪಿನ ಹೊತ್ತಿನಲ್ಲಿ ಮಾತ್ರ ಇದ್ದು. ಪನಾಮದ ಬಾರೊ ಕೊಲೊರಾಡೊ ದ್ವೀಪದ ತಗ್ಗುಗಾಡಿನಲ್ಲಾದರೋ ಮಳೆಗೆ ಕೊರತೆಯಿಲ್ಲ, ಮರುಭೂಮಿಯ ಬೇಗೆಯೂ ಇಲ್ಲ. ಆದರೂ ಅಲ್ಲಿ ಎಲೆಯಾಕಾರದ ದೊಡ್ಡ ಕಲ್ಲುಹೂವುಗಳು ವಿರಳ. ೧೯೯೦ರ ದಶಕದಲ್ಲಿ ಅಲ್ಲಿ ನಡೆದ ಅಳತೆಗಳಿಂದ, ಹಗಲಿನ ಸಂಪಾದನೆಯಲ್ಲಿ ದೊಡ್ಡ ಪಾಲು ತೇವವಾದ ಬೆಚ್ಚನೆಯ ರಾತ್ರಿಗಳ ಉಸಿರಾಟದಲ್ಲಿ ಹೋಗಿಬಿಡುವುದೆಂದು ತಿಳಿದುಬಂದಿತು. ಪಶ್ಚಿಮಘಟ್ಟದ ಎತ್ತರವಾದ ಕಾಡುಗಳಲ್ಲಿ ಕೊಂಬೆಗಳಿಂದ ಗಡ್ಡದಂತೆ ಜೋಲುವ ಕಲ್ಲುಹೂವುಗಳು ಕರಾವಳಿಗೆ ಇಳಿದಂತೆ ಮರೆಯಾಗಿ, ತೊಗಟೆಗೆ ಬಣ್ಣ ಬಳಿದಂತಿರುವ ತೆಳುವಾದ ಜಾತಿಗಳು ಮುಂದೆ ಬರುವುದಕ್ಕೂ ಈ ಲೆಕ್ಕವು ಒಂದು ಕಾರಣವೆಂದು ಎಣಿಸಬಹುದಾಗಿದೆ.

ಆದರೆ ವೆಚ್ಚದ ದರವು ಮಾರ್ಪಡಲಾರದ ಶಿಲಾಶಾಸನವೇನೂ ಅಲ್ಲ. ಲಾಂಗೆಯೂ ನ್ಯೂಜಿಲೆಂಡಿನ ಗ್ರೀನ್ ಎಂಬುವನೂ ವೂರ್ಟ್ಸ್‌ಬುರ್ಗಿನ ಸಸ್ಯೋದ್ಯಾನದಲ್ಲಿ ಬಯಲಿಗಿಟ್ಟ ಕಲ್ಲುಹೂವುಗಳ ಉಸಿರಾಟವನ್ನು ಋತುಋತುವಿಗೂ ಅಳೆದು, ೨೦೦೫ರಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಹೊರಗೆಡವಿದರು. ಒಂದೇ ಉಷ್ಣತೆಯಲ್ಲಿ ಅಳೆದಾಗ ಬೇಸಗೆಯ ಕಲ್ಲುಹೂವು ಚಳಿಗಾಲದ ಕಲ್ಲುಹೂವಿಗಿಂತ ಕಡಮೆಯಾಗಿ ಉಸಿರಾಡುತ್ತಿತ್ತು. ಎಂದರೆ ಶಿಲೀಂಧ್ರವು ಕಾಲಕ್ಕೆ ತಕ್ಕಂತೆ ಕೈಬಿಗಿಹಿಡಿಯುವುದನ್ನು ಬಲ್ಲುದು. ಹತ್ತು ಡಿಗ್ರಿಗೆ ಎರಡರಷ್ಟೆಂಬ ಸೂತ್ರವು ಒಂದು ದಿನದ ಪರೀಕ್ಷೆಗೆ ಸಲ್ಲುವಷ್ಟು ಒಂದು ವರ್ಷದ ಬಾಳಿಗೆ ಸಲ್ಲದು. ಭೂಮಿಯ ಉಷ್ಣತೆ ಏರಿದಂತೆ ಕಲ್ಲುಹೂವುಗಳು ಎಲ್ಲೆಲ್ಲಿಯೂ ದಿವಾಳಿಯೇಳುವುವೆಂದು ಆ ಸೂತ್ರದಿಂದಲೇ ಗುಣಿಸಿ ಹೇಳುವವರು ಈ ಸಂಗತಿಯನ್ನು ಮರೆಯುತ್ತಾರೆ. ಇದನ್ನೇ ಆಧಾರವಾಗಿಟ್ಟುಕೊಂಡು ಭಯಕ್ಕೆ ಕಾರಣವೇ ಇಲ್ಲವೆನ್ನುವುದೂ ಅಷ್ಟೇ ತಪ್ಪು. ಋತುವಿಗೆ ಹೊಂದಿಕೊಳ್ಳುವುದೆಂದರೆ ಪೂರ್ವಿಕರು ಸಾವಿರಾರು ಸಲ ಕಂಡ ಬದಲಾವಣೆಗೆ ಹೊಂದಿಕೊಳ್ಳುವುದು. ಪೂರ್ವಿಕರು ಕಾಣದ ಬೇಸಗೆಗೆ ಹೊಂದಿಕೊಳ್ಳುವುದು ಬೇರೆ ಮಾತು.

ಬದಲಾವಣೆಯ ಗುರುತುಗಳು ಬಯಲಿನಲ್ಲಿ ಕಾಣತೊಡಗಿವೆ. ನೆದರ್ಲೆಂಡ್ಸಿನಲ್ಲಿ ಬಹುಕಾಲದಿಂದ ಲೆಕ್ಕವಿಟ್ಟಿರುವ ಆಪ್ಟ್ರೂಟ್ ಮತ್ತು ವಾನ್ ಹರ್ಕ್ ಎಂಬುವರು ೨೦೦೭ರಲ್ಲಿ, ಟ್ರೆಂಟೆಪೋಲಿಯ ಎಂಬ ಪಾಚಿಯನ್ನು ಜೊತೆಗಾರನಾಗಿ ಹೊಂದಿದ ಜಾತಿಗಳು ಆ ದೇಶದಲ್ಲಿ ಹೆಚ್ಚುತ್ತಿರುವುದನ್ನು ವರದಿಮಾಡಿದರು. ಮಳೆಗಾಲದಲ್ಲಿ ಮಲೆನಾಡಿನ ಮರಗಳಿಗೂ ಗೋಡೆಗಳಿಗೂ ಕಾವಿಯ ಬಣ್ಣವನ್ನು ತರುವ ಪಾಚಿಯು ಇದೇ ವಂಶದ್ದು. ಉಷ್ಣದೇಶಗಳು ಇದರ ತವರು. ಗಾಳಿಯಲ್ಲಿ ಗಂಧಕದ ಹೊಗೆ ಕಡಮೆಯಾದುದರಿಂದಲೂ ಆ ಕಾಲದಲ್ಲಿ ಎಷ್ಟೋ ಕಲ್ಲುಹೂವುಗಳು ಮರಳಿ ಬಂದುವಾದುದರಿಂದ ಇಂತಹ ಲೆಕ್ಕಗಳನ್ನು ಎಚ್ಚರಿಕೆಯಿಂದ ಓದಬೇಕು. ಅಮೆರಿಕದ ಯೂಟಾ ಪ್ರಾಂತದ ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದಿಂದ ೨೦೨೨ರಲ್ಲಿ ಬಂದ ವರದಿಯಲ್ಲಿ ಈ ತೊಡಕು ಕಡಮೆ. ದನಕರುಗಳ ತುಳಿತವಿಲ್ಲದ ಹುಲ್ಲುಗಾವಲಿನಲ್ಲಿಯೂ, ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಕಲ್ಲುಹೂವುಗಳು ಬೇಸಗೆಯ ಉಷ್ಣತೆ ಏರಿದಂತೆ ದಶಕದಿಂದ ದಶಕಕ್ಕೆ ಕ್ಷೀಣಿಸಿದುವು. ಸ್ಪೇನಿನಲ್ಲಿ ನೆಲವನ್ನು ಕೃತಕವಾಗಿ ಎರಡು ಮೂರು ಡಿಗ್ರಿಗಳಷ್ಟು ಬೆಚ್ಚಗೆ ಮಾಡಿ ನಡೆಸಿದ ಪ್ರಯೋಗಗಳಲ್ಲಿಯೂ ಮಣ್ಣಿನ ಮೇಲಣ ಕಲ್ಲುಹೂವುಗಳು ಕುಗ್ಗಿದುವು.

ಹಾಗಾದರೆ ಜೊತೆಗಾರನನ್ನು ಬದಲಾಯಿಸಿಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಮೆಡಿಟರೇನಿಯನ್ ಪ್ರಾಂತದ ಬೆಟ್ಟಗಳಲ್ಲಿ ಲಸಾಲಿಯ ಎಂಬ ಬಂಡೆಯ ಕಲ್ಲುಹೂವನ್ನು ಬುಡದಿಂದ ತುದಿಯವರೆಗೆ ಆರಿಸಿ ನೋಡಿದ ೨೦೧೮ರ ಅಧ್ಯಯನವೊಂದು, ತಗ್ಗಿನ ಬೆಚ್ಚನೆಯ ಎಡೆಗಳಲ್ಲಿ ಒಂದು ಬಗೆಯ ಟ್ರೆಬೂಕ್ಸಿಯವೂ ಎತ್ತರದ ತಂಪಿನಲ್ಲಿ ಮತ್ತೊಂದು ಬಗೆಯದೂ ಅದರೊಡನೆ ಬಾಳುವುದನ್ನು ತೋರಿಸಿತು. ಶಿಲೀಂಧ್ರವು ಒಂದೇ ಆದರೂ ದುಡಿಯುವವನು ಬೇರೆಯಾಗಬಲ್ಲನೆಂದು ಇದರಿಂದ ತಿಳಿಯಿತು. ಆದರೆ ಆರಿಸಿಕೊಳ್ಳುವುದಕ್ಕೆ ಬೆಚ್ಚನೆಯ ಎಡೆಗೆ ತಕ್ಕ ಪಾಚಿ ಮೊದಲೇ ಇರಬೇಕಷ್ಟೆ. ಟ್ರೆಬೂಕ್ಸಿಯದ ವಂಶಾವಳಿಯನ್ನು ಹವೆಯೊಡನೆ ತಾಳೆನೋಡಿದ ನೆಲ್ಸನ್ ಮತ್ತಿತರರ ೨೦೨೨ರ ಸಂಶೋಧನೆಯ ಪ್ರಕಾರ, ಈ ಪಾಚಿಯು ಹೊಸ ಹವೆಗೆ ಹೊಂದಿಕೊಂಡು ಬಂದಿರುವ ವೇಗವು ಬಹಳ ಮಂದ. ಈ ಶತಮಾನದಲ್ಲಿ ನಿರೀಕ್ಷಿಸಲಾಗಿರುವ ಬದಲಾವಣೆಯಷ್ಟಕ್ಕೆ ಹೊಂದಿಕೊಳ್ಳಲು ಹಿಂದಿನ ವೇಗದಲ್ಲಿ ಲಕ್ಷಾಂತರ ವರ್ಷಗಳೇ ಬೇಕಾಗಬಹುದು. ಸಾಮಾನ್ಯವಾಗಿ ಹೊಸ ಪಾಚಿಯೊಡನೆ ಹೊಸ ಸಂಸಾರ ಹೂಡುವುದು ಗಾಳಿಯಲ್ಲಿ ಬಂದು ಬಿದ್ದ ಶಿಲೀಂಧ್ರದ ಬೀಜಾಣುವಿಗೆ ಸಾಧ್ಯ, ಬೆಳೆದು ಹಬ್ಬಿದ ಹಳೆಯ ಕಾಯಕ್ಕೆ ಸುಲಭವಲ್ಲ. ತಂಪುನಾಡಿನ ಬಂಡೆಗಳ ಮೇಲೆ ಭೂಪಟದಂತೆ ಕಾಣುವ ರೈಝೋಕಾರ್ಪನ್ ಎಂಬ ಹಳದಿಯ ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಮೆ ಬೆಳೆಯುವುದು. ಅಂಗೈಯಗಲದ ಅದರ ಒಂದು ಚಕ್ಕೆಯು ಆ ಬಂಡೆಯ ಮೇಲೆ ಬೇರೂರಿದಾಗ ಶ್ವೆಂಡೆನರನು ಇನ್ನೂ ತನ್ನ ಮತವನ್ನು ಪ್ರಕಟಿಸಿರಲಿಲ್ಲವೆಂದು ಭಾವಿಸಲು ಅಡ್ಡಿಯಿಲ್ಲ.